ಕಣ್ಣು ತೆರೆಸುವ ಕೆಲಸ

ನನ್ನದು ಸತ್ತವರ ಕಣ್ಣು ತೆರೆಸುವ ಕೆಲಸ.
ಮಂಡಿಪೇಟೆಯಲ್ಲಿ ಮಹಡಿ ಮೇಲೊಂದು ಸ್ಟುಡಿಯೋ,
ಒಂದು ಭೂತಗನ್ನಡಿ, ಮೂರು ಕೂದಲಿನ ಕುಂಚ,
ಪೆನ್ಸಿಲ್ಲು ಚೂಪು ಮಾಡಲು ಅರ್ಧ ಬ್ಲೇಡು.

ನಮ್ಮ ಕಡೆ ಹೆಣವನ್ನು ಕೂರಿಸುತ್ತಾರೆ.
ಹಣೆಗೆ ವಿಭೂತಿ, ಕೊರಳಿಗೆ ಹಾರ,
ಗದ್ದ ಇಳಿಯದಂತೆ ಬಟ್ಟೆಯ ಕಟ್ಟು.
ಬದುಕಿದ್ದಾಗ ಒಂದೂ ಫೋಟೋ ತೆಗೆಸದವರು
ಅವತ್ತು ಅಲುಗದೆ ಕೂರುತ್ತಾರೆ.
ಅದನ್ನು ತಂದು ಕೊಡುತ್ತಾರೆ ನನ್ನ ಕೈಗೆ:
ಹಾರ ತೆಗೀರಿ, ಕಟ್ಟು ಅಳಿಸಿರಿ,
ಕಣ್ಣು ಬಿಡಿಸಿರಿ.

ಆತ್ಮ ಗೀತ್ಮ ನಾನು ನಂಬುವವನಲ್ಲ.
ಸುಟ್ಟ ಬಲ್ಬಿಗೆ ಯಾವ ಕೈಲಾಸ?
ಕೆಲಸ ಕಲಿಸಿದ ದಾದಾಪೀರ್ ಮಾಸ್ತರು
ಮುಖ ಬರೆಯುವುದು ಪಾಪ ಎಂದು ನಂಬಿದ್ದವರು.
"ನಾನು ಬರೆಯೋದಿಲ್ಲಪ್ಪ, ಬರೀ ರಿಪೇರಿ" ಎನ್ನುತ್ತ
ನಲವತ್ತು ವರ್ಷ ಊರಿನ ಹಣೆಗಳಿಗೆಲ್ಲ
ವಿಭೂತಿಯ ಮೂರು ಗೆರೆ ನೆಟ್ಟಗೆ ಎಳೆದರು.
ಅವರ ನಂಬಿಕೆ ಅವರ ಜೇಬಿನಲ್ಲಿ,
ನನ್ನದು ನನ್ನ ಜೇಬಿನಲ್ಲಿ,
ಕುಂಚ ಮಾತ್ರ ಒಂದೇ ಲೋಟದ ನೀರಿನಲ್ಲಿ.
ಹೇಳಿದ್ದರು: ಯಾರ ಮುಖವಾದರೂ ಸರಿ,
ಕೈಗೆ ಸಿಟ್ಟು ಬರಬಾರದು.

ಆಮೇಲೆ ಹಾಲಮ್ಮ ತಂದಳು ಕೊಟ್ರಬಸಪ್ಪನನ್ನು.

ಹತ್ತಿ ಮಿಲ್ಲಿನ ಜಾಬರ್ ಕೊಟ್ರಬಸಪ್ಪ.
ಮುಷ್ಕರದ ವರ್ಷ ಗೇಟಿನ ಬಳಿ ನಿಂತು
ಬೆರಳು ತೋರಿಸಿದವನು: ಇವನು, ಇವನು, ಅವನು.
ಮೂರನೆಯವನು ನಮ್ಮಪ್ಪ.
ಅಪ್ಪ ಆಮೇಲೆ ಭಟ್ಟಿಯಲ್ಲಿ ಮಂಡಕ್ಕಿ ಹುರಿದ,
ಹೊಗೆ ಕುಡಿದ, ಕೆಮ್ಮಿದ,
ಕೆಮ್ಮುವುದನ್ನೂ ಒಂದು ದಿನ ನಿಲ್ಲಿಸಿದ.
ಆ ಬೆರಳು ಈಗ ನನ್ನ ಮೇಜಿನ ಮೇಲೆ,
ತೊಡೆಗೆ ಹೊದಿಸಿದ ಶಲ್ಯದಡಿ ಮುದುಡಿಕೊಂಡು.

ಮಾಸ್ತರು ಹೇಳಿದಂತೆಯೇ ಮಾಡಿದೆ.
ಎರಡು ಕಣ್ಣು, ಎರಡರಲ್ಲೂ ಒಂದೊಂದು ಬೆಳಕಿನ ಚುಕ್ಕಿ,
ಯಾರ ಗಂಡನಾದರೂ ಆಗಬಹುದಾದ ಮುಖ.
ಹಾಲಮ್ಮ ನೋಡಿದಳು. "ಚಂದ ಐತಪ್ಪ.
ಇವರು ಯಾರು?"

ಆ ರಾತ್ರಿ ಕಿಟಕಿ ಮುಚ್ಚಲಿಲ್ಲ.
ಸೆಕೆ; ಭಟ್ಟಿ ಕಡೆಯಿಂದ ಗಾಳಿ.
ಬಣ್ಣ ಬಳಿದು ಎರಡೂ ಕಣ್ಣು ಮತ್ತೆ ಮುಚ್ಚಿದೆ,
ಮತ್ತೆ ತೆರೆದೆ. ಈ ಸಲ ಕೈಯನ್ನು ತಡೆಯಲಿಲ್ಲ.
ಗೋಡೆಯಾಚೆ ಅಪ್ಪ ಕೆಮ್ಮುತ್ತಿದ್ದ ಕಾಲವೆಲ್ಲ
ಎಡಗಣ್ಣಿನ ಮೂಲೆಗೆ ಇಳಿಯಿತು.
ಬೆಳಿಗ್ಗೆ ನೋಡಿದರೆ ಅಲ್ಲೇ, ಹಸಿ ಬಣ್ಣದ ಮೇಲೆ,
ಹಾರಿ ಬಂದು ಕೂತಿತ್ತು ಭಟ್ಟಿಯ ಮಸಿಯ ಚೂರು.
ಉಗುರಿನಿಂದ ತೆಗೆಯಬಹುದಿತ್ತು.
ತೆಗೆಯಲಿಲ್ಲ.

ಹಾಲಮ್ಮ ಈ ಸಲ ಕೂತುಬಿಟ್ಟಳು.
ತನಗೇ ಗೊತ್ತಿಲ್ಲದೆ ಸೆರಗು ತಲೆಗೆಳೆದುಕೊಂಡಳು,
ಎದುರಿಗೆ ಆತ ಬಂದು ನಿಂತಂತೆ.
"ಹೌದು. ಇವರೇ. ಮನೆಯಾಗೂ ಹಿಂಗೇ ನೋಡ್ತಿದ್ರು.
ನಿಂಗೆ ಹೆಂಗೆ ಗೊತ್ತಾತು?"

ಹೇಳಲಿಲ್ಲ ನಾನು. ಏನೆಂದು ಹೇಳಲಿ,
ಅವಳು ಗುರುತು ಹಿಡಿದದ್ದು ನನ್ನ ಸಿಟ್ಟನ್ನೋ
ಊರ ಮಸಿಯನ್ನೋ ನನಗೇ ತಿಳಿಯದಿರುವಾಗ.

ದುಡ್ಡು ಎಣಿಸಿ ಇಟ್ಟಳು, ಏಳಲಿಲ್ಲ.
"ಒಂದು ಮಾತು. ನಂಗೆ ಟೈಫಾಯ್ಡ್ ಆದಾಗ
ಹದಿಮೂರು ರಾತ್ರಿ ಹಣೆಗೆ ಒದ್ದೆ ಬಟ್ಟೆ ಹಾಕಿದ್ರು,
ಯಾರಿಗೂ ಹೇಳಬ್ಯಾಡ ಅಂದಿದ್ರು.
ಬಲಗಣ್ಣು ಒಂಚೂರು ಅದಕ್ಕೆ ಬಿಡು."

ಅದೇ ಬೆರಳು, ಒದ್ದೆ ಬಟ್ಟೆ.
ನಂಬಲಿಲ್ಲ ನಾನು. ಈಗಲೂ ನಂಬಿಲ್ಲ.
ಆದರೂ ಕುಂಚ ಅದ್ದಿದೆ.
ಕಾಣದ ಹದಿಮೂರು ರಾತ್ರಿಗಳಿಗೆ
ಎಷ್ಟು ಬಿಳುಪು ಹಾಕಬೇಕೆಂದು
ಮಾಸ್ತರು ಕಲಿಸಿರಲಿಲ್ಲ.

ಅಪ್ಪನ ಫೋಟೋ ಡ್ರಾಯರಿನಲ್ಲಿದೆ,
ಕಣ್ಣು ಮುಚ್ಚಿಕೊಂಡೇ.
ಎರಡು ಸಲ ಹೊರಗೆ ತೆಗೆದೆ.
ಎರಡೂ ಸಲ ಪೆನ್ಸಿಲ್ಲು ಚೂಪು ಮಾಡಿ
ಒಳಗಿಟ್ಟೆ.