ಕಾಗದಪ್ಪ

ಮೈದಾಹಿಟ್ಟಿನ ಅಂಟು ಕಾಯಿಸುವುದು ನನಗೆ ಗೊತ್ತು.
ಸಣ್ಣ ಉರಿ, ಕೈಬಿಡದೆ ತಿರುವು.
ಮಗುವಿನ ಬಾಯಿಗೆ ಹೋದೀತೆಂದು ಮೈಲುತುತ್ತ ಬಿಟ್ಟೆ.
ರಾಣೆಬೆನ್ನೂರಿನಲ್ಲಿ ಕಲಿತದ್ದು, ಹಡರ್ಸ್‌ಫೀಲ್ಡಿನ ಒಲೆಯ ಮೇಲೆ
ಅದೇ ಹದಕ್ಕೆ ಬಂತು.

ಇಬ್ಬನಿಗೆ ನವೆಂಬರ್ ಐದಕ್ಕೆ ಐದು ತುಂಬುತ್ತದೆ.
ಅವತ್ತು ಊರಿಗೆ ಊರೇ ಪಟಾಕಿ ಹೊಡೆಯುತ್ತದೆ,
ಎಲ್ಲ ತನಗೇ ಎಂದು ಅವಳ ಲೆಕ್ಕ.
ಹೋದ ವರ್ಷ ಕಿಟಕಿಯಲ್ಲಿ ನಿಂತು, ಎದುರು ಗುಡ್ಡದಿಂದ
ಹಾರಿದ ಒಂದೊಂದು ಬಾಣಕ್ಕೂ ಥ್ಯಾಂಕ್ಯೂ ಅಂದಿದ್ದಳು.
ನಾವು ತಿದ್ದಲಿಲ್ಲ.

ಅಂಗಡಿಯ ತೋರಣ ಬೇಡವೆಂದು ಅವಳ ಹಟ,
ನಮ್ಮ ಕೈಯೂ ಬಿಗಿ; ಎರಡೂ ನಿಜ.
ಕಾರ್ನ್‌ಫ್ಲೇಕ್ಸ್ ಡಬ್ಬಿಯಿಂದ ಕಿರೀಟ,
ಮೊಟ್ಟೆಯ ತಟ್ಟೆಯ ಗುಳಿಗಳಿಗೆ ಕೆಂಪು ಬಳಿದು ಹೂಮಾಲೆ.
ಮಕ್ಕಳ ಕತ್ತರಿ ಕಾಗದವನ್ನು ಕತ್ತರಿಸುವುದಿಲ್ಲ,
ಅಗಿಯುತ್ತದೆ.

ಪಕ್ಕದ ಮನೆಯ ಮೌರೀನ್ ಬಂದು ಕೂತು ಹೇಳಿದಳು:
ನಾವು ಸಣ್ಣವರಿದ್ದಾಗ ಹಳೇ ಬಟ್ಟೆಗೆ ಪೇಪರು ತುರುಕಿ
ಗೈ ಅಂತ ಬೊಂಬೆ ಮಾಡಿ, ಕೂಸಿನ ಗಾಡಿಯಲ್ಲಿ ತಳ್ಳಿ
ಬೀದಿಮೂಲೆಯಲ್ಲಿ ಪೆನ್ನಿ ಎತ್ತುತ್ತಿದ್ದೆವು.
ಆಮೇಲೆ ಸುಡುತ್ತಿದ್ದೆವು.
ಅಯ್ಯೋ, ನಮ್ಮ ಕಾಮಣ್ಣ! ಎಂದೆ.
ಯಾರವನು? ಎಂದಳು.
ಕದ್ದ ಕಟ್ಟಿಗೆ, ಕದ್ದ ಕುಳ್ಳು, ಹಲಗೆಯ ಬಡಿತ, ಬಾಯಿ ಬಡಿದುಕೊಂಡು ಲಬೋ ಲಬೋ...
ಹೇಳುತ್ತ ಹೇಳುತ್ತ ಅಂಟು ತಳ ಹಿಡಿಯಿತು.

ತಿಪ್ಪೇಶನ ಮೊಣಕಾಲು ಸವೆದ ಪ್ಯಾಂಟು,
ಮದುವೆಯ ಮರುವರ್ಷದ ಚೌಕಳಿ ಅಂಗಿ.
ಬಿಟ್ಟಿ ಪತ್ರಿಕೆ ಮುದುರಿ ಮುದುರಿ ತುಂಬಿದೆವು:
ತೊಡೆಗೆ ಮಾರಾಟದ ಮನೆಗಳು, ಹೊಟ್ಟೆಗೆ ಫುಟ್ಬಾಲು,
ಎದೆಗೆ, ಅವಳೇ ಆರಿಸಿದ್ದು, ಕಳೆದುಹೋದ ಬೆಕ್ಕಿನ ಚಿತ್ರ.
ದಿಂಬಿನ ಚೀಲ ತಲೆ. ಗುಂಡಿಯ ಕಣ್ಣು, ಒಂದು ದೊಡ್ಡದು, ಒಂದು ಸಣ್ಣದು.
ಕಪ್ಪು ಉಣ್ಣೆಯ ಮೀಸೆ, ಮೀಸೆಗೆ ಮಿನುಗು.
ಇವನು ಕಾಗದಪ್ಪ, ಎಂದಳು. ನಾಮಕರಣ ಮುಗಿಯಿತು.

ಅಪ್ಪನದು ರಾತ್ರಿ ಪಾಳಿ, ಆಸ್ಪತ್ರೆಯ ನಾಲ್ಕನೇ ಮಹಡಿ.
ಅವಳು ಮಲಗುವಾಗ ಹೊರಡುತ್ತಾನೆ, ಶಾಲೆಗೆ ಹೊರಟಾಗ ಬರುತ್ತಾನೆ.
ಬಾಗಿಲಲ್ಲಿ ಒಂದು ಮುತ್ತು, ಸ್ಯಾನಿಟೈಸರಿನ ವಾಸನೆಯದು.
ಆ ವಾರವಿಡೀ ಅವನ ಕುರ್ಚಿಯಲ್ಲಿ ಕಾಗದಪ್ಪ ಕೂತ.
ಅವನಿಗೂ ತಟ್ಟೆ. ಅವನಿಗೂ ಗುಡ್ ನೈಟ್.
ನಾನು ಏನೂ ಅನ್ನಲಿಲ್ಲ.
ಒಂದು ರಾತ್ರಿ ಪಾತ್ರೆ ತೊಳೆದು ಬಂದು
ಅವನ ತೋಳಿನ ಗುಂಡಿ ಹಾಕಿದೆ.

ಐದರ ಸಂಜೆ ಮೈದಾನದಲ್ಲಿ ಆಳೆತ್ತರ ಸೌದೆ.
ಕೆಸರು, ಸುಟ್ಟ ಸಕ್ಕರೆಯ ಘಮ, ಲೋಟದಲ್ಲಿ ಬೆಂದ ಬಟಾಣಿ.
ಗಾಡಿಯಲ್ಲಿ ಕಾಗದಪ್ಪ, ಕಾಲು ನೆಲಕ್ಕೆ ಎಳೆಯುತ್ತ.
ಇವನೇನು ಮಾಡಿದ? ಎಂದಳು ಇಬ್ಬನಿ.
ಮೌರೀನ್ ವಿವರಿಸಿದಳು: ರಾಜ, ಸಭೆ, ನೆಲಮಾಳಿಗೆ,
ಮದ್ದಿನ ಪೀಪಾಯಿ. ನಾನೂರು ವರ್ಷದ ಹಿಂದೆ.
ನಾನೂರು ವರ್ಷ ಆಯ್ತಲ್ಲ, ಇನ್ನೂ ಸಿಟ್ಟಾ?
ಮೌರೀನ್ ಬಾಯಿ ತೆರೆದಳು, ಮುಚ್ಚಿದಳು, ಬಟಾಣಿ ತಿಂದಳು.
ಅಲ್ದೆ, ಇದು ಅಪ್ಪನ ಅಂಗಿ.
ಅಷ್ಟೇ. ಅಳಲಿಲ್ಲ, ರಂಪ ಮಾಡಲಿಲ್ಲ.
ಗಾಡಿಯ ಬೆಲ್ಟು ಬಿಗಿದು ಮನೆಯ ಕಡೆ ತಿರುಗಿಸಿದಳು.
ಹಿಂದೆ ಬೆಂಕಿ ಹತ್ತಿತು, ಆಕಾಶ ಒಡೆಯಿತು,
ಅವಳು ಕಾಗದಪ್ಪನ ಕೈಯೆತ್ತಿ ಹಿಡಿದು
ಇಬ್ಬರ ಪರವಾಗಿ ಥ್ಯಾಂಕ್ಯೂ ಹೇಳುತ್ತ ನಡೆದಳು.
ನಮ್ಮೂರ ಕಾಮಣ್ಣನಿಗೆ ಇಂಥ ವಕೀಲಳು ಸಿಗಲಿಲ್ಲ.

ಬೆಳಿಗ್ಗೆ ಎಂಟಕ್ಕೆ ತಿಪ್ಪೇಶ ಬಂದ.
ತನ್ನ ಕುರ್ಚಿಯಲ್ಲಿ ತನ್ನ ಅಂಗಿ, ತಲೆಗೆ ರಟ್ಟಿನ ಕಿರೀಟ,
ತೊಡೆಯ ಮೇಲೆ ಮಗಳು, ಎಬ್ಬಿಸಿದರೂ ಏಳದ ನಿದ್ದೆ;
ಅವಳ ಒಂದೊಂದು ಉಸಿರಿಗೂ ಫುಟ್ಬಾಲಿನ ಪುಟ ಸರಸರ.
ಮೇಜಿನ ಮೇಲೆ ಒಂದು ತುಂಡು ಕೇಕು, ಪಕ್ಕದಲ್ಲಿ ಚೀಟಿ,
ಹಸಿರು ಕ್ರೇಯಾನಿನಲ್ಲಿ, ಕನ್ನಡದಲ್ಲಿ:
ಅಪ.
ಒತ್ತು ಬಿಟ್ಟುಹೋಗಿತ್ತು.
ಅವನು ತಿದ್ದಲಿಲ್ಲ.
ಷೂ ಕೂಡ ಬಿಚ್ಚದೆ ನೆಲಕ್ಕೆ ಕೂತು
ಕಾಗದಪ್ಪನ ಕಾಲಿಗೆ ಒರಗಿ ತಿಂದ.

ಆ ರಾತ್ರಿ ವಾರ್ಡಿನಲ್ಲಿ ನಿದ್ದೆ ಬಾರದ ಮುದುಕರೊಬ್ಬರು
ಕೇಳಿದರಂತೆ, ನಿನ್ನ ಮೀಸೆಯಲ್ಲೇನೋ ಹೊಳೆಯುತ್ತಿದೆ.