ಬಾಕಿ

ಹಿರೋಡೆ ಅಂದರೆ ಈಗಿನ ಹುಡುಗರಿಗೆ ತಿಳಿಯದು,
ಪಾಂಡವಪುರ ಅನ್ನಬೇಕು.
ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿ ಪಕ್ಕ
ನನ್ನ ಮೆಷಿನ್ನು. ಎಣ್ಣೆ ಬಿಟ್ಟರೆ ಇನ್ನೂ ಓಡ್ತದೆ.

ಕೆಂಚಲಿಂಗೇಗೌಡರು ಎಂಎಲ್ಲೆ ಆಗಿದ್ದಾಗ
ವರ್ಷಕ್ಕೆ ಎರಡೇ ಅಂಗಿ.
ಎದೆ ಮೂವತ್ತಾರು, ತೋಳು ಇಪ್ಪತ್ತೆರಡೂವರೆ,
ಒಂದು ಜೇಬು, ಕನ್ನಡಕಕ್ಕೆ.
ಹಳೇದರ ಕಾಲರು ಸವೆದರೆ ತಿರುಗಿಸಿ ಹೊಲಿ ಅನ್ನೋರು.
ಕೂಲಿ ಕೇಳಿದರೆ ಆ ಜೇಬು ತಡಕೋರು.
ನಾನೇ ಹೊಲಿದ ಜೇಬು,
ಅದರಲ್ಲಿ ಏನಿಲ್ಲ ಅಂತ ನನಗೆ ಗೊತ್ತಿಲ್ಲವೆ?
"ಬರ್ಕೊ ದಸ್ತಗೀರ್, ಭತ್ಯೆ ಬಂದ ಮ್ಯಾಲೆ."
ಬರ್ಕೊಂಡೆ.

ದೇವರಂಥ ಮನುಷ್ಯ ಅನ್ನಲಾರೆ.
ತಂಗಿ ಮಗನನ್ನ ಸಕ್ಕರೆ ಫ್ಯಾಕ್ಟರಿಗೆ ಸೇರಿಸಿದರು.
ಉರ್ದು ಸ್ಕೂಲಿನ ಸೂರು ಮೂರು ಮಳೆಗಾಲ ಸೋರಿತು.
ಆದರೆ ಬಾಕಿ ಇತ್ತಲ್ಲ,
ಗುಂಡಿ ಹಾಕೋ ತನಕ ಈ ಬೆಂಚಿನ ಮೇಲೆ ಕೂರಬೇಕಿತ್ತಲ್ಲ,
ಹಲ್ಲಲ್ಲಿ ದಾರ ಕಚ್ಚಿಕೊಂಡೇ ಕೇಳ್ತಿದ್ದೆ:
ಸೂರು ಏನಾಯ್ತು ಸ್ವಾಮಿ?
ಚಪ್ಪಲಿ ನೋಡ್ಕೊಂಡು ಹೇಳೋರು,
"ಆಗಿಲ್ಲ ಕಣೋ. ಫೈಲು ಮಂಡ್ಯದಲ್ಲಿ ಕುಂತದೆ."
ನಾಲ್ಕನೇ ವರ್ಷ ಹೆಂಚು ಬಂತು,
ಲಾರಿಯ ಹೆಂಚಿನ ಮೇಲೆ ಅವರೂ ಬಂದರು.

ಈಗಿನವರು ಅಳತೆಗೆ ಬರೋದಿಲ್ಲ.
ಹುಡುಗ ಬರ್ತಾನೆ, ಅಳತೆ ಫೋನಿನಲ್ಲಿ,
ಒಂದೇ ಸಲಕ್ಕೆ ಹನ್ನೆರಡು, ಕಣ್ಣು ಕುಕ್ಕೋ ಬಿಳಿ ಲಿನನ್ನು.
ಜೇಬು ಎಷ್ಟಪ್ಪ? ಅಂದೆ.
"ಜೇಬ್ಯಾಕೆ? ಅಣ್ಣ ಏನೂ ಮುಟ್ಟಲ್ಲ, ನಾವಿದ್ದೀವಲ್ಲ."
ಕೂಲಿ ಕೇಳಿದ್ದರ ಎರಡರಷ್ಟು.
ಮೇಜಿನ ಮೇಲಿನ ಪೇಮೆಂಟ್ ಡಬ್ಬ
ಬೀದಿಗೆಲ್ಲ ಕೇಳೋ ಹಾಗೆ ಕೂಗಿ ಹೇಳಿತು.

ಎಲೆಕ್ಷನ್ನಿನ ಹಿಂದಿನ ರಾತ್ರಿ ಕವರೂ ಬಂತು.
ತಗೊಂಡೆ. ಸುಳ್ಳು ಯಾಕೆ ಹೇಳಲಿ,
ಮನೇಲಿ ಆರು ವೋಟು.
ಎಣಿಸಿದೋಳು ನನ್ನ ಹೆಂಡತಿ, ಟಾರ್ಚು ಹಿಡಿದೋನು ನಾನು.

ನಾಲೆ ಏರಿ ಕುಸಿದ ವಾರ
ಅವರ ಕಾರು ಅಂಗಡಿ ಮುಂದೆ ನಿಧಾನ ಆಯ್ತು.
ಕಿಟಕಿ ಅರ್ಧ ಇಳಿದಿತ್ತು.
ದಾರ ಬಾಯಲ್ಲೇ ಇತ್ತು. ಮಾತು ಬರಲಿಲ್ಲ.
ಅವರದು ನನ್ನ ಹತ್ರ ಒಂದು ಕಾಸೂ ಬಾಕಿ ಇಲ್ಲ.

ಮೊನ್ನೆ ಗೌಡರ ಮೊಮ್ಮಗಳು ಬಂದಿದ್ದಳು, ಟೀಚರು.
ಅಜ್ಜನ ಡೈರೀಲಿ ಸಿಕ್ಕಿತಂತೆ:
"ದಸ್ತಗೀರನಿಗೆ ಹನ್ನೊಂದು ರೂಪಾಯಿ."
ಬಡ್ಡಿ ಸೇರಿಸಿ ತಗೊಳ್ಳಿ ಅಂತ ಐನೂರರ ನೋಟು ಚಾಚಿದಳು.
ಪುಸ್ತಕ ಗೆದ್ದಲು ತಿಂತಮ್ಮ, ಲೆಕ್ಕ ಮರ್ತೋಯ್ತು, ಅಂದೆ.

ಅವಳು ಹೋದ ಮೇಲೆ ಡ್ರಾಯರು ಎಳೆದೆ.
ಪುಸ್ತಕ ಅಲ್ಲೇ ಇತ್ತು.
ಹನ್ನೊಂದಲ್ಲ,
ಒಂಬತ್ತೂ ಮುಕ್ಕಾಲು.