ನುಂಗು

ಕೆಳಮನೆಯ ಮುದುಕ ಕೋಲೆತ್ತಿ ಛಾವಣಿ ಕುಟ್ಟುತ್ತಾನಂತೆ,
ಅದಕ್ಕೇ ಎಫುವಾ ಊರಿಂದ ಒರಳು ತರಿಸಲಿಲ್ಲ.
ಪೊಟ್ಟಣದ ಹಿಟ್ಟು. ಮರಗೆಣಸು, ಬಾಳೆಕಾಯಿ.
ಪಾತ್ರೆಯನ್ನು ಪಾದಗಳ ನಡುವೆ ಒತ್ತಿಹಿಡಿದು
ಮರದ ಹುಟ್ಟಿನಿಂದ ತಿರುವುತ್ತಾಳೆ,
ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಹಾಸುಗಳನ್ನು
ಹೊತ್ತು ಹೊತ್ತು ಬಲಿತ ಅದೇ ತೋಳು.

ಲೀಡ್ಸಿನ ಹೇರ್‌ಹಿಲ್ಸ್. ಭಾನುವಾರ. ನಾಲ್ಕಕ್ಕೇ ಕತ್ತಲು.
ಕಿಟಕಿ ಬೆವರಿದೆ.
"ನಿನ್ನ ಪಾತ್ರೆ ಬೇರೆ. ಅಣಬೆ ಮಾತ್ರ.
ಮೀನು ಮುಟ್ಟಿದ ಸೌಟನ್ನು ಎರಡು ಸಲ ತೊಳೆದೆ."

ಸಾರು ಬಂತು. ಮೂಗಿಗೆ ಮೊದಲು ಸಿಕ್ಕಿದ್ದು ಶೇಂಗಾ.
ಅರೇ, ಇದು ನಮ್ಮದು!
ಅವ್ವ ಹುರಿದು, ಉಜ್ಜಿ, ಸಿಪ್ಪೆ ಊದಿ ಕುಟ್ಟುತ್ತಿದ್ದಳಲ್ಲ, ಅದೇ.
ಯಾರೋ ಅದಕ್ಕೆ ಸಾರಾಗುವುದನ್ನು ಕಲಿಸಿದ್ದಾರೆ:
ಟೊಮೆಟೊ, ಶುಂಠಿ, ತಾಳೆಣ್ಣೆಯ ಕೆಂಪು ಕಣ್ಣುಗಳು,
ಕಿವಿಯಲ್ಲಿ ಹೊಗೆ ಬರಿಸುವ ಒಂದು ಗುಂಡು ಮೆಣಸಿನಕಾಯಿ.
ನಡುವೆ, ಎಣ್ಣೆ ಹಚ್ಚಿದ ಬೋಳುತಲೆಯ ಹಾಗೆ,
ಫುಫು.

ಅದು ಮಾತ್ರ ಅವರದು. ಮಳವಳ್ಳಿಯ ಆ ಮನೆಯದು.
ರೊಟ್ಟಿ ಹರಿದು, ಅಗಿದು ಬೆಳೆದವಳು ನಾನು,
ಮುದ್ದೆಯನ್ನೂ ಅಗಿದೆ. ಇಡೀ ಪಂಕ್ತಿ ನಕ್ಕಿತು.
"ಅಗೀಬ್ಯಾಡ ಕನಮ್ಮಿ, ನುಂಗು" ಎಂದರು ಅತ್ತೆ.
ಆಮೇಲೆ ಬೇರೆ ಮಾತಿಗೂ ಅದನ್ನೇ ಎಂದರು.
ಅವನು ಬಳೆ ಅಡವಿಟ್ಟಾಗ.
ಅವನು ಕೈ ಎತ್ತಿದಾಗ.
ನುಂಗ್ಕೋ, ಹೆಣ್ಣು ಅಂದ್ಮೇಲೆ.
ಆರು ವರ್ಷ ಎಲ್ಲವನ್ನೂ ನುಂಗಿದೆ,
ಮುದ್ದೆಯೊಂದನ್ನು ಬಿಟ್ಟು.
ಅದನ್ನು ಹಠ ಹಿಡಿದು, ಅವರ ಮುಖ ನೋಡುತ್ತಲೇ, ಅಗಿದೆ.

"ಹೀಗೆ," ಎಫುವಾ ಬೆರಳದ್ದಿ, ತುಂಡು ಮುರಿದು,
ಹೆಬ್ಬೆರಳಿಂದ ಗುಳಿ ಮಾಡಿ ಸಾರು ತುಂಬಿದಳು.
ಗಂಟಲು ಒಮ್ಮೆ ಏರಿ ಇಳಿಯಿತು.
"ಅಗಿಯಬೇಡ. ನುಂಗು."

ನನ್ನ ಕೈ ನಡುದಾರಿಯಲ್ಲಿ ನಿಂತಿತು.
ಯಾಕೆಂದು ಅವಳು ಕೇಳಲಿಲ್ಲ.
ಇನ್ನೊಂದು ತುತ್ತು ಮುರಿಯುತ್ತ,
"ಅಗಿದರೆ ಪೊಲೀಸರೇನೂ ಬರುವುದಿಲ್ಲ ಬಿಡು" ಎಂದಳು.

ಮೊದಲ ತುತ್ತು ಅಗಿದೆ. ಹಲ್ಲಿಗೆ ಅಂಟು, ಒಂಚೂರು ಹುಳಿ,
ರುಚಿ ಎಂದು ಹೇಳುವಂಥದ್ದೇನಿಲ್ಲ.
ಎರಡನೆಯದು ಹೇಗಾಯಿತೋ, ಜಾರಿತು.
ಅದರ ಹಿಂದೆ ಶೇಂಗಾ, ಶೇಂಗಾದ ಹಿಂದೆ ಖಾರ,
ಎದೆಯ ತನಕ ಬಿಸಿ.
ಮೂರನೆಯದಕ್ಕೆ ನಾನೇ ಗುಳಿ ಮಾಡಿದೆ.

ಸೋಮವಾರದ ಪಾಳಿ. ಬಿಳಿ ಹಾಸು ಮಡಿಸುವಾಗ
ಅಂಚಿನಲ್ಲೊಂದು ಕಿತ್ತಳೆ ಹೆಬ್ಬೆಟ್ಟು,
ಉಗುರಿನ ಸಂದಿಯಲ್ಲಿ ಉಳಿದಿದ್ದ ತಾಳೆಣ್ಣೆ.
ಆ ತುದಿ ಹಿಡಿದಿದ್ದ ಎಫುವಾ ನೋಡಿದಳು. ನಾನೂ ನೋಡಿದೆ.
ಮೇಲ್ವಿಚಾರಕಿ ಬರುವಷ್ಟರಲ್ಲಿ
ಹಾಸನ್ನು ಮುದ್ದೆ ಮಾಡಿ
ಮತ್ತೆ ಯಂತ್ರದ ಬಾಯಿಗೆ ಹಾಕಿದೆವು.